ಬಾತಿನ ಮೇಲೆ ಹೊರಿಸಿದ ಅಪವಾದ

2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ಹಗರಿಬೊಮ್ಮನಹಳ್ಳಿಯಲ್ಲಿ ಕೋಳಿಫಾರಂ ಇಟ್ಟ ಪರಿಚಯದವರೊಬ್ಬರು, ‘ಅಂಕಸಮುದ್ರದ ಕೆರೇಲಿ ಪಟಾಕಿ ಹೊಡೆದು ಆ ಬಾತುಗಳನ್ನ ಓಡಿಸ್ಬೇಕ್ರಿ’ ಅಂದರು. ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ.

ಅವರ ಆತಂಕ ಸುಳ್ಳಲ್ಲ. ಈ ವೈರಸ್ಸಿಗೆ ನೀರುಹಕ್ಕಿಗಳೇ ತವರು. ಬಾತಿನ ಕರುಳಿನಲ್ಲಿ ಬೆಳೆದು, ಹಿಕ್ಕೆಯ ಜೊತೆ ನೀರು ಸೇರುತ್ತದೆ. ಕೋಳಿಯನ್ನು ಎರಡು ಮೂರು ದಿನದಲ್ಲಿ ಕೊಲ್ಲುವ ಎಚ್5ಎನ್1 ಎಂಬ ತಳಿ ತಗುಲಿದರೂ ಎಷ್ಟೋ ಬಾತುಗಳು ಏನೂ ಆಗದ ಹಾಗೆ ಈಜಾಡಿಕೊಂಡಿರುತ್ತವೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ರಾಶಿರಾಶಿಯಾಗಿ ಸತ್ತವು. ಆಮೇಲೆ ರೋಗ ಯುರೋಪು, ಆಫ್ರಿಕಾ ಮುಟ್ಟಿದ್ದರಲ್ಲಿ ವಲಸೆ ಹಕ್ಕಿಗಳ ಪಾಲೂ ಇತ್ತು. ಅದೇ ಜಾತಿಯ ಹೆಬ್ಬಾತು ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ.

ಆದರೆ ಬಾತುಗಳಲ್ಲಿ ಸೌಮ್ಯವಾಗಿದ್ದ ವೈರಸ್ ಮಾರಕವಾಗಿ ಬದಲಾಗುವುದು ಸಾಮಾನ್ಯವಾಗಿ ಕೋಳಿಗಳ ನಡುವೆ, ಸಾವಿರಾರು ಕೋಳಿಗಳನ್ನು ಒತ್ತೊತ್ತಾಗಿ ತುಂಬಿದ ಶೆಡ್ಡುಗಳಲ್ಲಿ. ಕಾಡುಬಾತಿಗೂ ಕೋಳಿಗೂ ಸೇತುವೆಯಾಗುವುದು ಹೆಚ್ಚಾಗಿ ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಮೇಯುವ ಸಾಕುಬಾತು. 2004ರಲ್ಲಿ ಥಾಯ್ಲೆಂಡಿನಲ್ಲಿ ಆದದ್ದು ಇದೇ. ಕೇರಳದ ಕುಟ್ಟನಾಡಿನಲ್ಲೂ ಸಾಕುಬಾತುಗಳೇ ಮತ್ತೆ ಮತ್ತೆ ಬಲಿಯಾಗಿವೆ. ನಮ್ಮ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಮೆಕ್ಕೆಜೋಳದ ಹೊಲಗಳಲ್ಲಿ ಅಂಥ ಬಾತಿನ ಹಿಂಡು ಎಲ್ಲಿದೆ?

ಇಲ್ಲಿ ಓಡಾಡುವುದು ಕೋಳಿಗಾಡಿ. ನಸುಕಿನಲ್ಲಿ ಒಂದು ಫಾರಮ್ಮಿನಲ್ಲಿ ಪಂಜರ ತುಂಬಿಕೊಂಡ ಗಾಡಿ, ಹಿಕ್ಕೆ ಮೆತ್ತಿದ ಚಕ್ರದಲ್ಲೇ ಮುಂದಿನ ಫಾರಮ್ಮಿನ ಗೇಟು ದಾಟುತ್ತದೆ. ಹಿಡಿಯುವ ಆಳುಗಳು ಅದೇ ಚಪ್ಪಲಿಯಲ್ಲಿ ಶೆಡ್ಡಿನೊಳಗೆ ನುಗ್ಗುತ್ತಾರೆ. ತೊಳೆಯದ ಮೊಟ್ಟೆಯ ಟ್ರೇಗಳು ಊರೂರು ಸುತ್ತುತ್ತವೆ. 2020ರ ಮಾರ್ಚಿನಲ್ಲಿ ಹರಪನಹಳ್ಳಿಯ ನೆರೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ರೋಗ ದೃಢಪಟ್ಟಿತು. ಅದಾದ ಮೇಲಾದರೂ ಗೇಟಿನ ಮುಂದೆ ಸುಣ್ಣ ಚೆಲ್ಲುವ, ಗಾಡಿ ತೊಳೆಸುವ ರೂಢಿ ನಮ್ಮಲ್ಲಿ ಬೇರೂರಬೇಕಿತ್ತು.

2024ರಲ್ಲಿ ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುನೆಲ ಎನಿಸಿದ ಅಂಕಸಮುದ್ರ ಕೆರೆಯ ವಿಸ್ತಾರ ಸುಮಾರು 244 ಎಕರೆ. ಆಸರೆ ಪಡೆಯುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಪಟಾಕಿ ಹೊಡೆದರೆ ಅವು ಮಾಯವಾಗುವುದಿಲ್ಲ. ಸುತ್ತಲಿನ ಕೃಷಿಹೊಂಡ, ಗೋಕಟ್ಟೆಗಳಿಗೆ ಚೆದುರಿ, ಈಗ ದೂರವಿರುವ ಹಕ್ಕಿ ಶೆಡ್ಡಿನ ಪಕ್ಕಕ್ಕೇ ಬಂದು ಇಳಿಯುತ್ತದೆ. ಕೆರೆಯ ನೀರನ್ನು ಹಾಗೇ ಕೋಳಿಗೆ ಕುಡಿಸಬೇಡಿ, ಶೆಡ್ಡಿಗೆ ಗುಬ್ಬಿಯೂ ನುಸುಳದ ಬಲೆ ಹಾಕಿಸಿ ಎಂದರೆ ಖರ್ಚಿನ ಮಾತು ಬರುತ್ತದೆ. ಸಣ್ಣ ರೈತರಿಗೆ ಅದು ನಿಜಕ್ಕೂ ಭಾರ. ಪಶುಸಂಗೋಪನಾ ಇಲಾಖೆ ಕೈಹಿಡಿಯಲೇಬೇಕು. ಆದರೆ ಸತ್ತ ಕೋಳಿಯನ್ನು ಪಶುವೈದ್ಯರಿಗೆ ತಿಳಿಸದೆ ರಾತ್ರೋರಾತ್ರಿ ಹಳ್ಳಕ್ಕೆ ಎಸೆಯುವುದಕ್ಕೆ ಯಾವ ಖರ್ಚಿನ ನೆಪವೂ ಇಲ್ಲ. ಆ ಹಳ್ಳದ ನೀರು ಕೆರೆ ಸೇರಿದರೆ, ರೋಗ ಅಂಟುವುದು ನಾವು ದೂರುವ ಈ ಬಾತುಗಳಿಗೇ.