ತುಟ್ಟಿಭತ್ಯೆಯೂ ಜೀವನಾಂಶವೂ

ನಮ್ಮ ನ್ಯಾಯಾಲಯಗಳ ಕನ್ನಡದಲ್ಲಿ ನೆಲೆನಿಂತಿರುವ ಒಳ್ಳೆಯ ಮಾತುಗಳಲ್ಲಿ ಜೀವನಾಂಶವೆಂಬುದೂ ಒಂದು. ಅಂಶವೆಂದರೆ ಪಾಲು. ಪಾಲು ದಾನವಲ್ಲ, ದಂಡವೂ ಅಲ್ಲ. ಆದರೆ ವಿವಾಹವಿಚ್ಛೇದನ ಹೊಂದಿದ ಗಂಡಸರಿಬ್ಬರು ಕೂಡಿದೆಡೆ ಅದು ದಂಡವೆಂಬ ಅರ್ಥದಲ್ಲಿಯೇ ಬಳಕೆಯಾಗುವುದನ್ನು ಕೇಳಿದ್ದೇನೆ. 'ಈಗಿನ ಹಣ ಸಾಲದು, ಹೆಚ್ಚಿಸಿ' ಎಂದು ಮಕ್ಕಳ ತಾಯಿ ಬರೆದಳೆಂದರೆ ಹಳೆಯ ಜಗಳವೆಲ್ಲವೂ ಆ ಒಂದು ಸಾಲಿನಲ್ಲಿ ಮರಳಿ ಬಂದಂತೆ ಅವರಿಗೆ ತೋರುತ್ತದೆ.

ನಾನೂ ಮಾಸಾಮಾಸಕ್ಕೆ ಮಗಳ ಪೋಷಣೆಗೆ ಹಣ ಕಳುಹಿಸುವವನು, ತಟಸ್ಥನೆಂದು ಹೇಳಿಕೊಳ್ಳಲಾರೆ. ಅವಳು ಪಿ.ಯು. ತರಗತಿಗೆ ಸೇರಿದಾಗ 8,000 ರೂಪಾಯಿಯನ್ನು 14,000ಕ್ಕೆ ಏರಿಸಬೇಕೆಂದು ಆಕೆಯ ತಾಯಿಯಿಂದ ಪತ್ರ ಬಂದಿತು. 'ಕೋರ್ಟಿಗೆ ಹೋಗಲಿ ಬಿಡಿ, ಎರಡು ವರ್ಷ ಹೇಗೂ ಕಳೆಯುತ್ತದೆ' ಎಂದು ಮಿತ್ರರೊಬ್ಬರು ಉಪದೇಶಿಸಿದರು. ಎರಡು ವರ್ಷ! ಪಿ.ಯು. ವ್ಯಾಸಂಗದ ಅವಧಿಯೇ ಅಷ್ಟು.

ನಮ್ಮಂಥ ಸಂಬಳಗಾರರು ಒಂದು ಸಂಗತಿಯನ್ನು ನೆನೆಯುವುದೊಳಿತು. ಬೆಲೆಗಳೇರಿದಂತೆ ಸರ್ಕಾರವು ಜನವರಿ, ಜುಲೈಗಳಿಂದ ಅನ್ವಯವಾಗುವಂತೆ ನಮ್ಮ ತುಟ್ಟಿಭತ್ಯೆಯನ್ನು ಪರಿಷ್ಕರಿಸುತ್ತದೆ. ಆ ಆದೇಶ ತುಸು ತಡವಾದರೆ ಅಧ್ಯಾಪಕರ ಕೊಠಡಿಯಲ್ಲಿ ಏಳುವ ಚರ್ಚೆಯನ್ನು ವಾಚಕರು ಕೇಳಬೇಕು; ಪಂಪ ರನ್ನರ ವಿಚಾರದಲ್ಲಿ ನಾವೆಂದೂ ಅಷ್ಟು ಉತ್ಸಾಹ ತೋರಿದವರಲ್ಲ. ಅಕ್ಕಿಬೇಳೆಯ ಬೆಲೆ ನಮಗೆ ಏರಿದ್ದರೆ ಮಕ್ಕಳಿಗೂ ಏರಿರುತ್ತದಲ್ಲವೆ? ಅವರ ಪಾಲು ಮಾತ್ರ ತೀರ್ಪಾದ ವರ್ಷದ ಅಂಕಿಯಲ್ಲಿಯೇ ಏಕೆ ನಿಂತಿರಬೇಕು?

ಶಾಸನದ ಆಶಯವೂ ಅದಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮು, ಮಕ್ಕಳ ಪೋಷಣೆ ವಿದ್ಯಾಭ್ಯಾಸಗಳ ಬಗೆಗಿನ ಆಜ್ಞೆಯನ್ನು ಕಾಲಕಾಲಕ್ಕೆ ಮಾರ್ಪಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ತಿಂಗಳಿಗೆ 500 ರೂಪಾಯಿಯ ಮಿತಿಯನ್ನು 2001ರ ತಿದ್ದುಪಡಿ ತೆಗೆದುಹಾಕಿತು. ಉಭಯರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೆರೆದಿಡಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ತಾಯಿಯೂ ಸಾಕಷ್ಟು ಸಂಪಾದಿಸುವವಳಾದರೆ ಮಕ್ಕಳ ಖರ್ಚನ್ನು ಆದಾಯಕ್ಕನುಗುಣವಾಗಿ ಹಂಚಿಕೊಳ್ಳಬಹುದೆಂದೂ ಹೇಳಿತು. ಈ ಕಡೆಯ ಮಾತನ್ನು ಗಂಡಸರು ಚೆನ್ನಾಗಿ ನೆನಪಿಟ್ಟಿರುತ್ತಾರೆ. ಅದರ ಹಿಂದಿನದನ್ನು ಮರೆಯುತ್ತಾರೆ.

ಹಾಗೆಂದು ಕೇಳಿದ್ದನ್ನೆಲ್ಲ ಕೊಟ್ಟುಬಿಡಬೇಕೆಂದು ನನ್ನ ವಾದವಲ್ಲ. ನಾನು ಖರ್ಚಿನ ಪಟ್ಟಿಯನ್ನು ಕೇಳಿದೆ, ಬಂದಿತು. ಕಾಲೇಜಿನ ಶುಲ್ಕ, ಗಣಿತದ ಟ್ಯೂಷನ್, ಬಸ್ಸಿನ ಪಾಸು, ಹೊಸ ಕನ್ನಡಕ, ಇವು ಒಪ್ಪತಕ್ಕವು. ಮನೆಸಾಲದ ಕಂತಿನ ಒಂದು ಭಾಗವೂ ಅದರಲ್ಲಿತ್ತು. ಮನೆ ಆಕೆಯ ಹೆಸರಿನದು, ಆಕೆಗೂ ಸಂಬಳವಿದೆ; ಅದನ್ನು ಒಪ್ಪದೆ ಕಾರಣವನ್ನು ಬರೆದು ತಿಳಿಸಿದೆ. 12,500ಕ್ಕೆ ತೀರ್ಮಾನವಾಯಿತು. ಪ್ರತಿವರ್ಷ ಜೂನ್ ತಿಂಗಳಲ್ಲಿ ಮೊತ್ತವನ್ನು ಪರಿಷ್ಕರಿಸುವುದೆಂಬ ಷರತ್ತನ್ನೂ ಸೇರಿಸಿ, ಒಪ್ಪಂದವನ್ನು ಕೌಟುಂಬಿಕ ನ್ಯಾಯಾಲಯದ ಆಜ್ಞೆಯಾಗಿ ಮಾಡಿಸಿಕೊಂಡೆವು. ಬಾಯಿಮಾತಿನ ಔದಾರ್ಯಕ್ಕೆ ಆಯುಸ್ಸು ಕಡಿಮೆ.

ಹಣ ತಾಯಿಯ ಕೈಸೇರಿ ಎತ್ತ ಹೋಗುವುದೋ ಎಂಬ ಶಂಕೆ ಕೆಲವರದು. ಒಂದೇ ಒಲೆಯ ಮೇಲೆ ಇಬ್ಬರ ಅನ್ನವೂ ಬೇಯುವ ಮನೆಯಲ್ಲಿ ಮಗಳ ಪಾಲಿನ ಗ್ಯಾಸೆಷ್ಟು, ತಾಯಿಯದೆಷ್ಟು ಎಂದು ಬೇರ್ಪಡಿಸಬಲ್ಲ ಲೆಕ್ಕಿಗರನ್ನು ನಾನಿನ್ನೂ ಕಂಡಿಲ್ಲ. ನನಗೆ ಅಸಹ್ಯವೆನಿಸುವುದು ಬೇರೆಯೇ ಒಂದು ಪದ್ಧತಿ: 'ಹೋಗಿ ನಿಮ್ಮಪ್ಪನನ್ನು ಕೇಳು', 'ನಿಮ್ಮಮ್ಮನಿಗೆ ಹೇಳು, ಇಷ್ಟೇ ಕೊಡುವುದು' ಎಂದು ಮಕ್ಕಳ ಬಾಯಿಂದಲೇ ಈ ವ್ಯವಹಾರವನ್ನು ನಡೆಸುವುದು. ಪತ್ರ ಬರೆಯಲು ಬಲ್ಲ ದೊಡ್ಡವರಿಬ್ಬರಿರುವಾಗ ಹದಿನಾರು ವರ್ಷದ ಹುಡುಗಿಗೆ ಆ ಕೆಲಸವೇಕೆ?