ಪ್ರಕೃತಿ ಚಿಕಿತ್ಸೆಯೂ ವಿಮೆಯ ಹದಿಮೂರನೆಯ ನಿಬಂಧನೆಯೂ

ಚೆನ್ನೈಯ ಅರುಂಬಾಕ್ಕಂನಲ್ಲಿ, ಅಣ್ಣಾದೊರೆಯವರ ಹೆಸರನ್ನು ಹೊತ್ತ ಸರಕಾರಿ ಭಾರತೀಯ ವೈದ್ಯ ಆಸ್ಪತ್ರೆಯ ಆವರಣದೊಳಗೆ, 2000ನೆಯ ಇಸವಿಯಲ್ಲಿ ಸ್ಥಾಪಿತವಾದ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಕಾಲೇಜೊಂದಿದೆ. ಹೊಟ್ಟೆಯ ಮೇಲೆ ಹಸಿಮಣ್ಣಿನ ಪಟ್ಟಿ, ಸೊಂಟ ಮುಳುಗುವಷ್ಟು ತಣ್ಣೀರಿನಲ್ಲಿ ಕುಳಿತು ಮಾಡುವ ಕಟಿಸ್ನಾನ, ಹಬೆಸ್ನಾನ, ಪಥ್ಯ, ಉಪವಾಸ – ಇವುಗಳನ್ನೆಲ್ಲ ಐದೂವರೆ ವರ್ಷ ವ್ಯಾಸಂಗಮಾಡಿ ಪದವೀಧರರಾಗುವ ವೈದ್ಯರು ಸಿದ್ಧರಾಗುವುದು ಇಂತಹ ಕಾಲೇಜುಗಳಲ್ಲಿಯೇ. ಸರಕಾರದ ಮಾನ್ಯತೆಗೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷ್ಯ ಬೇಕೆ?

ಆದರೆ ಖಾಸಗಿ ಆರೋಗ್ಯವಿಮೆಯ ಪಾಲಿಸಿಯನ್ನು ಬಿಡಿಸಿ ನೋಡತಕ್ಕದ್ದು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಜನವರಿ 31ರಂದು ಹೊರಡಿಸಿದ ಸುತ್ತೋಲೆಯು, ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪತಿಗಳನ್ನು ಇತರ ಚಿಕಿತ್ಸೆಗಳಿಗೆ ಸರಿಸಮನಾಗಿ ಕಾಣಬೇಕೆಂದು ಕಂಪನಿಗಳಿಗೆ ವಿಧಿಸಿತು. ಅದೇ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರತುಪಡಿಕೆಗಳಲ್ಲಿ ಹದಿಮೂರನೆಯದಾದರೋ, ಸ್ಪಾಗಳ ಸಾಲಿನಲ್ಲಿಯೇ ಪ್ರಕೃತಿ ಚಿಕಿತ್ಸಾಲಯಗಳನ್ನೂ ಕೂರಿಸಿ, ಅಲ್ಲಿ ಪಡೆದ ಚಿಕಿತ್ಸೆಗೆ ಹಣವಿಲ್ಲವೆನ್ನುತ್ತದೆ. ಈ ಎರಡು ಮಾತುಗಳೂ ಅನೇಕ ಪಾಲಿಸಿಗಳಲ್ಲಿ ಒಂದೇ ಹೊದಿಕೆಯೊಳಗೆ ವಾಸಿಸುತ್ತಿವೆ. ಕ್ಲೇಮಿನ ದಿನ ಯಾವುದು ಗೆಲ್ಲುವುದೆಂದು ಪ್ರೀಮಿಯಂ ಕಟ್ಟುವಾತನಿಗೆ ತಿಳಿಯದು. ವಿಮೆಗೆ ನಿಸ್ಸಂದೇಹವಾಗಿ ಒಪ್ಪಿತವಾದ ಸರಕಾರಿ ಆಸ್ಪತ್ರೆಯಲ್ಲಾದರೋ ಚಿಕಿತ್ಸೆ ಬಹುಮಟ್ಟಿಗೆ ಉಚಿತ. ಬಿಲ್ಲೇ ಇಲ್ಲದಲ್ಲಿ ವಿಮೆಗೇನು ಕೆಲಸ!

ಕಂಪನಿಗಳ ಶಂಕೆ ನಿರಾಧಾರವೆಂದು ನಾನು ಹೇಳಲಾರೆ. ಸಮುದ್ರದ ಗಾಳಿ, ಎಣ್ಣೆಯ ಮಾಲೀಸು, ಹಣ್ಣಿನ ರಸಗಳಿಗೆ ಚಿಕಿತ್ಸೆಯೆಂಬ ಹೆಸರಿಟ್ಟು ವಿಹಾರದ ವೆಚ್ಚವನ್ನು ಎಲ್ಲರ ಪ್ರೀಮಿಯಂನಿಂದ ತೆರಿಸಲು ಹವಣಿಸುವವರು ಇಲ್ಲದಿಲ್ಲ. ಮಾನ್ಯತೆಯೆಂಬುದು ಗುಣವಾಗುತ್ತದೆಂಬುದಕ್ಕೆ ಪ್ರಮಾಣವೂ ಅಲ್ಲ. ಬೊಜ್ಜಿಗೂ ರಕ್ತದೊತ್ತಡಕ್ಕೂ ಪಥ್ಯದಿಂದ ಪ್ರಯೋಜನವಾಗಬಹುದಾದ ಮಾತ್ರಕ್ಕೆ ಕ್ಯಾನ್ಸರಿನ ರೋಗಿಯನ್ನು ತೊಟ್ಟಿಯಲ್ಲಿ ಕೂರಿಸುವುದು ಅಪರಾಧವೇ ಸರಿ.

ಆದರೆ ವೈದ್ಯನನ್ನೂ ವಿಹಾರಗೃಹದ ಒಡೆಯನನ್ನೂ ಬೇರ್ಪಡಿಸಿ ತೋರಿಸಬೇಕಾದವರು ಯಾರು? ದೇಶೀಯ ವೈದ್ಯದ ಸ್ಥಿತಿಯನ್ನು ವಿಚಾರಿಸಲು ಮದರಾಸು ಸರಕಾರವು 1921ರಲ್ಲಿಯೇ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತ್ತು. ಪ್ರಕೃತಿ ಚಿಕಿತ್ಸಕರ ನೋಂದಣಿಗೆ ಮೈಸೂರು ರಾಜ್ಯವು 1961ರಲ್ಲಿ ಶಾಸನ ಮಾಡಿತು. ಇಷ್ಟಾಗಿಯೂ 2020ರ ಭಾರತೀಯ ವೈದ್ಯಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಆಯುರ್ವೇದ, ಸಿದ್ಧ, ಯುನಾನಿ, ಸೋವಾ ರಿಗ್ಪಗಳನ್ನು ಒಳಗೊಂಡು, ಯೋಗ ಮತ್ತು ಪ್ರಕೃತಿ ಚಿಕಿತ್ಸೆಯನ್ನು ಹೊರಗಿರಿಸಿತು. ಕೇಂದ್ರವೇ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳದ ವೈದ್ಯನ ಸಹಿಯನ್ನು ವಿಮಾ ಗುಮಾಸ್ತನು ಅನುಮಾನದಿಂದ ನೋಡಿದರೆ ಗುಮಾಸ್ತನೊಬ್ಬನನ್ನೇ ದೂರಿ ಫಲವಿಲ್ಲ.

ಕಾಯಿದೆಯ ತಿದ್ದುಪಡಿಗೆ ಸಂಸತ್ತು ಕೂಡಬೇಕು, ಅದು ತಡವಾದೀತು. ಹದಿಮೂರನೆಯ ನಿಬಂಧನೆಯ ತಿದ್ದುಪಡಿಗಾದರೋ ಪ್ರಾಧಿಕಾರದ ಒಂದು ಸುತ್ತೋಲೆ ಸಾಕು. ಆಯುಷ್ ಆಸ್ಪತ್ರೆಗೆ ಕನಿಷ್ಠ ಐದು ಹಾಸಿಗೆ, ಹಗಲಿರುಳೂ ಅರ್ಹ ವೈದ್ಯ, ರೋಗಿಗಳ ದೈನಂದಿನ ದಾಖಲೆ ಇರಬೇಕೆಂಬ ವ್ಯಾಖ್ಯೆಯು ಈಗಾಗಲೇ ಪಾಲಿಸಿಗಳಲ್ಲಿದೆ. ಈ ಲಕ್ಷಣಗಳುಳ್ಳ ಪ್ರಕೃತಿ ಚಿಕಿತ್ಸಾಲಯಕ್ಕೆ ಆ ಹೊರತುಪಡಿಕೆ ಅನ್ವಯಿಸದೆಂದು ಸ್ಪಷ್ಟವಾಗಿ ಬರೆಯಲಿ; ದಾಖಲೆ ತೋರಿಸಲಾರದವರು ವಿಹಾರಗೃಹವೆಂಬ ಫಲಕವನ್ನೇ ಹಾಕಿಕೊಳ್ಳಲಿ.