ನಾಲ್ಕು ಸೆಂಟಿಮೀಟರ್ ಹತ್ತಿರಕ್ಕೆ ಯಾರನ್ನು ಕರೆಯುತ್ತೇವೆ?

ನಮ್ಮ ಕಚೇರಿಯ ಮೇಜಿನ ಮೇಲೆ ಮತ್ತೊಮ್ಮೆ ಆ ಪತ್ರ ಬಂದು ಕುಳಿತಿದೆ. ಸ್ಪರ್ಶರಹಿತ ಮೊಬೈಲ್ ತಂತ್ರಜ್ಞಾನವನ್ನು ಕುರಿತು ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ಎರಡು ದಿನಗಳ ಸಮ್ಮೇಳನ ನಡೆಯಲಿದೆ. ಉಪನ್ಯಾಸ ನೀಡಲು ಯೋಗ್ಯರಾದ ತಜ್ಞರ ಹೆಸರುಗಳನ್ನು ಸೂಚಿಸಬೇಕು ಎಂಬುದು ಅದರ ಒಕ್ಕಣೆ. ತಜ್ಞರಿಗೆ ಇರಬೇಕಾದ ಅರ್ಹತೆಗಳನ್ನೂ ಪತ್ರವೇ ಪಟ್ಟಿ ಮಾಡಿದೆ: ಸಂಸ್ಥೆಯಲ್ಲಿ ಹಿರಿಯ ಹುದ್ದೆ, ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ಮಾತನಾಡಿದ ಅನುಭವ, ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷಗಳ ಮಂಡನೆ.

ಕಳೆದ ಸಲ ಇಂಥದೇ ಪತ್ರ ಬಂದಾಗ ನಾವು ಎರಡು ಹೆಸರುಗಳನ್ನು ಸೂಚಿಸಿದ್ದೆವು. ಒಬ್ಬರು ನಗರದ ಬಸ್ಸಿನ ನಿರ್ವಾಹಕರು. ಇನ್ನೊಬ್ಬರು ದೃಷ್ಟಿಯಿಲ್ಲದ ನಮ್ಮ ಸಹೋದ್ಯೋಗಿ. ಸಂಘಟಕರು ಬಹಳ ವಿನಯದಿಂದ ಉತ್ತರಿಸಿದರು. ಇವರ ಅನುಭವ ಅಮೂಲ್ಯವೆಂದೂ, ಆದರೆ ಉಪನ್ಯಾಸಕರ ಮಾನದಂಡಕ್ಕೆ ಹೊಂದುವುದಿಲ್ಲವೆಂದೂ, ಬೇಕಾದರೆ ಸಭಿಕರಾಗಿ ಬರಬಹುದೆಂದೂ ಬರೆದರು. ಸಭಿಕರ ನೋಂದಣಿ ಶುಲ್ಕವನ್ನೂ ಅದೇ ಪತ್ರದ ಕೊನೆಯಲ್ಲಿ ನಮೂದಿಸಿದ್ದರು. ನಾವು ಹುದ್ದೆಯ ಮರ್ಯಾದೆಗೆ ಕಟ್ಟುಬಿದ್ದು ಸುಮ್ಮನಾದೆವು. ಈ ಸಲ ಸುಮ್ಮನಿರುವುದು ಸರಿಯಲ್ಲ ಎಂದು ತೋರಿದ್ದರಿಂದ ಈ ಬರಹ.

ನಮ್ಮ ಜಗಳ ತಂತ್ರಜ್ಞಾನದೊಂದಿಗಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಫೋನನ್ನೋ ಕಾರ್ಡನ್ನೋ ಯಂತ್ರದ ಬಳಿ ಹಿಡಿದರೆ ಹಣ ಸಂದಾಯವಾಗುವ ಈ ವಿದ್ಯೆ ನಿಜಕ್ಕೂ ಸೊಗಸಾದದ್ದು. ಎನ್‌ಎಫ್‌ಸಿ ಎಂದು ಇದನ್ನು ಕರೆಯುತ್ತಾರೆ. ಸಮೀಪ ಕ್ಷೇತ್ರದ ಸಂವಹನ ಎಂದು ಕನ್ನಡಿಸಬಹುದು. 13.56 ಮೆಗಾಹರ್ಟ್ಸ್ ಕಂಪನದ ಕಾಂತಕ್ಷೇತ್ರವನ್ನು ಯಂತ್ರ ಹರಡಿರುತ್ತದೆ. ಸ್ವಂತ ಬ್ಯಾಟರಿಯಿಲ್ಲದ ಕಾರ್ಡು ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಎಚ್ಚರಗೊಂಡು ಉತ್ತರ ಕೊಡುತ್ತದೆ. ಇದು ನಡೆಯುವುದು ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ಆಸುಪಾಸಿನ ಅಂತರದಲ್ಲಿ. ಹೆಸರಿಗೆ ಇದು ಸ್ಪರ್ಶರಹಿತ, ಆದರೆ ಹತ್ತಿರ ಬಾರದಿದ್ದರೆ ಕೆಲಸ ಮಾಡದು. ಈ ವಿದ್ಯೆಯ ಬಗ್ಗೆ ನಡೆಯುವ ಸಮ್ಮೇಳನಗಳು ಮಾತ್ರ ಅದನ್ನು ಬಳಸುವ ಜನರಿಂದ ಆದಷ್ಟು ದೂರ ಉಳಿಯುತ್ತವೆ. ನಮ್ಮ ತಕರಾರು ಅಷ್ಟೇ.

ಇಂಥ ಸಮ್ಮೇಳನಗಳ ವೇದಿಕೆ ಏರುವವರು ಯಾರು? ನಾವು ಕಂಡಂತೆ ಮೂರು ಬಗೆಯವರು. ಯಂತ್ರ ಮಾರುವವರು, ಯಂತ್ರ ಕೊಳ್ಳಿರೆಂದು ಸಲಹೆ ಕೊಡುವವರು, ಕೊಳ್ಳುವ ಆದೇಶಕ್ಕೆ ಸಹಿ ಹಾಕುವ ನಮ್ಮಂಥ ಸರಕಾರಿ ನೌಕರರು. ಪ್ರಾಯೋಜಕತ್ವದ ಮೊತ್ತ ಹೆಚ್ಚಿದಂತೆ ಭಾಷಣದ ಸಮಯವೂ ಹೆಚ್ಚುವುದು ಈ ವ್ಯವಹಾರದಲ್ಲಿ ಗುಟ್ಟೇನಲ್ಲ. ನಿಜವಾದ ಎಂಜಿನಿಯರಿಗೂ ಅಲ್ಲಿ ಜಾಗ ಸಿಗುವುದು ಅಪರೂಪ. ಆಂಟೆನಾ ಸುತ್ತಿದವಳು, ತಂತ್ರಾಂಶದ ದೋಷ ಹುಡುಕಿದವನು ಕಾರ್ಯಾಗಾರದಲ್ಲೇ ಉಳಿದು, ಅವರ ಸಂಸ್ಥೆಯ ಮಾರಾಟ ವಿಭಾಗದ ಮುಖ್ಯಸ್ಥರು ತಜ್ಞರಾಗಿ ಬರುತ್ತಾರೆ. ಆದ್ದರಿಂದ, ತಾಂತ್ರಿಕ ಸಮ್ಮೇಳನಕ್ಕೆ ತಾಂತ್ರಿಕರೇ ಬೇಕು ಎಂಬ ಸಮರ್ಥನೆಯನ್ನು ಮೊದಲು ಸಂಘಟಕರೇ ಪಾಲಿಸಲಿ.

ಇಂಗ್ಲಿಷ್ ಎಂ.ಎ. ಓದಿದ ನಮಗೆ ಪತ್ರದಲ್ಲಿದ್ದ ಎಕ್ಸ್‌ಪರ್ಟ್ ಎಂಬ ಶಬ್ದವೇ ಕುತೂಹಲ ಹುಟ್ಟಿಸಿತು. ಅದರ ಲ್ಯಾಟಿನ್ ಮೂಲಕ್ಕೆ ಪ್ರಯೋಗಿಸಿ ನೋಡುವುದು, ಅನುಭವಿಸಿ ಅರಿಯುವುದು ಎಂದು ಅರ್ಥ. ಎಕ್ಸ್‌ಪೀರಿಯೆನ್ಸ್ ಎಂಬ ಶಬ್ದ ಅದರ ಒಡಹುಟ್ಟು. ಕನ್ನಡಿಗರಿಗೆ ಇದನ್ನು ತಿಳಿಯಲು ಲ್ಯಾಟಿನ್ ಬೇಕಿರಲಿಲ್ಲ. ಅನುಭವವನ್ನೇ ಅರಿವಿನ ಅಳತೆಗೋಲು ಮಾಡಿದ ಪರಂಪರೆ ನಮ್ಮದು. 12ನೆಯ ಶತಮಾನದ ವಚನಕಾರರ ಸಾಲಿನಲ್ಲಿ ದೋಣಿ ನಡೆಸುವ ಚೌಡಯ್ಯನಿದ್ದಾನೆ, ಬಟ್ಟೆ ಮಡಿ ಮಾಡುವ ಮಾಚಯ್ಯನಿದ್ದಾನೆ, ಅಕ್ಕಿ ಆಯುವ ಮಾರಯ್ಯನ ಜೊತೆಗೆ ಲಕ್ಕಮ್ಮನಿದ್ದಾಳೆ. ಅವರ ಹೆಸರಿನ ಹಿಂದೆ ಇರುವುದು ಕಾಯಕ. ಅದೇ ಅವರ ಮಾತಿಗೆ ಅರ್ಹತೆಯಾಗಿತ್ತು.

ಇದು ಭಾವುಕತೆಯ ಮಾತು, ರೇಡಿಯೋ ತರಂಗದ ವಿಷಯದಲ್ಲಿ ನಿರ್ವಾಹಕರೇನು ಹೇಳಬಲ್ಲರು ಎಂದು ಕೇಳುವವರಿದ್ದಾರೆ. ಅವರಿಗೆ ಜಪಾನಿನ ಉದಾಹರಣೆ ಕೊಡುತ್ತೇವೆ. ಅಲ್ಲಿಯ ಜೆಆರ್ ಈಸ್ಟ್ ರೈಲ್ವೆ 2001ರ ನವೆಂಬರಿನಲ್ಲಿ ಸುಯಿಕಾ ಎಂಬ ಸ್ಪರ್ಶರಹಿತ ಕಾರ್ಡನ್ನು ಜಾರಿಗೆ ತಂದಿತು. ಸೋನಿಯ ಫೆಲಿಕಾ ಚಿಪ್ ಅಷ್ಟರಲ್ಲಿ ಸಿದ್ಧವಾಗಿತ್ತು; 1997ರಿಂದಲೇ ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ ಅದು ಬಳಕೆಯಲ್ಲಿತ್ತು. ಆದರೂ ಪ್ರಯೋಗದ ಹಂತದಲ್ಲಿ ಟೋಕಿಯೋದ ಪ್ರಯಾಣಿಕರು ದ್ವಾರದಲ್ಲಿ ಎಡವಿದರು. ಕಾರ್ಡನ್ನು ಎಲ್ಲಿ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಅವರಿಗೆ ತಿಳಿಯಲಿಲ್ಲ. ಆಗ ಯಾಮಾನಾಕಾ ಶುಂಜಿ ಎಂಬ ವಿನ್ಯಾಸಕಾರರು ಬಗೆಬಗೆಯ ಮಾದರಿ ಯಂತ್ರಗಳನ್ನು ಮಾಡಿ, ಸಾಮಾನ್ಯ ಜನ ಅವುಗಳ ಮುಂದೆ ಹೇಗೆ ಕೈಚಾಚುತ್ತಾರೆಂದು ನೋಡಿದರು. ಕಾರ್ಡು ತೋರಿಸುವ ಫಲಕ ಪ್ರಯಾಣಿಕರ ಕಡೆಗೆ ಸುಮಾರು 13.5 ಡಿಗ್ರಿ ಬಾಗಿ, ಅದರ ಸುತ್ತ ಬೆಳಕು ಹೊಳೆದರೆ, ಯಾರೂ ಹೇಳಿಕೊಡದೆಯೇ ಜನ ಸರಿಯಾಗಿ ಮುಟ್ಟಿಸುತ್ತಾರೆ ಎಂದು ಕಂಡುಕೊಂಡರು. ಚಿಪ್ಪಿನ ತಜ್ಞರಿಗೆ ಹೊಳೆಯದಿದ್ದ ಆ ಕೋನ ಪ್ರಯಾಣಿಕರ ಕೈಯಲ್ಲಿತ್ತು.

ನಮ್ಮ ದೇಶದ ಕಥೆಯೂ ಬೇರೆಯಲ್ಲ. 2004ರಲ್ಲಿ ನೋಕಿಯಾ, ಫಿಲಿಪ್ಸ್, ಸೋನಿ ಸೇರಿ ಎನ್‌ಎಫ್‌ಸಿ ಫೋರಮ್ ಕಟ್ಟಿದಂದಿನಿಂದ ಫೋನನ್ನು ಮುಟ್ಟಿಸಿ ಹಣ ಕೊಡುವುದೇ ನಾಳಿನ ದಾರಿ ಎಂದು ಸಮ್ಮೇಳನಗಳು ಸಾರುತ್ತ ಬಂದವು. ಆದರೆ 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಬೀದಿಗಳನ್ನು ಗೆದ್ದದ್ದು ಕ್ಯೂಆರ್ ಚೌಕ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ವಾಹನಗಳ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಚೌಕ ಅದು. ಕಾರಣ ಸರಳ. ಎನ್‌ಎಫ್‌ಸಿಗೆ ಅಂಗಡಿಯವನ ಬಳಿ ಯಂತ್ರ ಬೇಕು, ಗಿರಾಕಿಯ ಬಳಿ ಆ ಸೌಲಭ್ಯವುಳ್ಳ ಫೋನು ಬೇಕು. ಕ್ಯೂಆರ್‌ಗೆ ಅಂಗಡಿಯವನ ಬಳಿ ಒಂದು ಕಾಗದದ ತುಂಡು ಸಾಕು. ಸೊಪ್ಪು ಮಾರುವಾಕೆಯನ್ನು ಕೇಳಿದ್ದರೆ, ತನ್ನ ಬುಟ್ಟಿಯ ಪಕ್ಕ ಚಾರ್ಜು ಮಾಡಬೇಕಾದ ಯಂತ್ರ ಬೇಡ ಎಂದು ಮೊದಲ ದಿನವೇ ಹೇಳುತ್ತಿದ್ದಳು. ಹಣ ಬಂದಿತೆಂದು ಗಟ್ಟಿಯಾಗಿ ಕೂಗಿ ಹೇಳುವ ಪೆಟ್ಟಿಗೆಯೂ ಆಕೆಯಂಥವರ ಅಗತ್ಯಕ್ಕೆ ಸಿಕ್ಕ ಉತ್ತರ. ಎರಡೂ ಕೈಗಳಲ್ಲಿ ವ್ಯಾಪಾರ ನಡೆಯುವಾಗ ಯಾರು ತಾನೇ ಫೋನು ತೆಗೆದು ಸಂದೇಶ ಓದಿಯಾರು?

ನಾವು ಸೂಚಿಸಿದ್ದ ನಿರ್ವಾಹಕರು ಏನು ಹೇಳುತ್ತಿದ್ದರೆಂಬುದೂ ನಮಗೆ ಗೊತ್ತು, ಏಕೆಂದರೆ ದಿನವೂ ಅವರ ಬಸ್ಸಿನಲ್ಲೇ ನಮ್ಮ ಪ್ರಯಾಣ. ಮೇಲ್ಸೇತುವೆಯ ಕೆಳಗೆ ನೆಟ್‌ವರ್ಕ್ ಹೋಗುತ್ತದೆ. ಪ್ರಯಾಣಿಕನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಅವನ ಖಾತೆಯಿಂದ ಹಣ ಹೋಗಿದೆ, ಇವರ ಯಂತ್ರಕ್ಕೆ ಬಂದಿಲ್ಲ. ಅಷ್ಟರಲ್ಲಿ ಇಳಿಯುವ ನಿಲ್ದಾಣ ಬರುತ್ತದೆ. ಟಿಕೆಟ್ ಕೊಟ್ಟರೆ ಲೆಕ್ಕ ತಾಳೆಯಾಗದು, ಕೊಡದಿದ್ದರೆ ಜಗಳ. “ಸಾಹೇಬರೇ, ಆ ಅರ್ಧ ನಿಮಿಷ ಯಾರದು ಅಂತ ನಿಮ್ಮ ಮೀಟಿಂಗಿನಲ್ಲಿ ಕೇಳಿ” ಎಂದು ಅವರು ಒಮ್ಮೆ ಹೇಳಿದ್ದರು. ನಾವು ಕೂತ ಎರಡು ದಿನಗಳಲ್ಲಿ ಯಾವ ಉಪನ್ಯಾಸವೂ ಆ ಅರ್ಧ ನಿಮಿಷದ ತಂಟೆಗೆ ಹೋಗಲಿಲ್ಲ.

ನಮ್ಮ ಸಹೋದ್ಯೋಗಿಯ ಮಾತು ಇನ್ನೂ ಗಂಭೀರವಾದದ್ದು. 2021ರ ಜನವರಿ 1ರಿಂದ, ಪಿನ್ ಒತ್ತದೆ ಸ್ಪರ್ಶರಹಿತ ಕಾರ್ಡಿನಿಂದ ಕೊಡಬಹುದಾದ ಮಿತಿಯನ್ನು ರಿಸರ್ವ್ ಬ್ಯಾಂಕು 2,000 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದಾಗ ಅವರು ನಮಗೆಲ್ಲ ಚಹಾ ಕುಡಿಸಿದ್ದರು. ಕಣ್ಣಿಲ್ಲದವರಿಗೆ ಅದು ನಿಜವಾದ ಬಿಡುಗಡೆಯಾಗಿತ್ತು. ಆದರೆ ಮಿತಿ ದಾಟಿದರೆ ಪಿನ್ ಒತ್ತಲೇಬೇಕು. ಹಳೆಯ ಯಂತ್ರಗಳಲ್ಲಿ ಗುಂಡಿಗಳಿದ್ದವು. ಐದರ ಅಂಕಿಯ ಮೇಲಿನ ಉಬ್ಬಿದ ಚುಕ್ಕೆಯನ್ನು ತಡವಿ ಉಳಿದವನ್ನು ಅವರು ಲೆಕ್ಕ ಹಾಕುತ್ತಿದ್ದರು. ಹೊಸ ಯಂತ್ರಗಳಲ್ಲಿ ಬಹಳಷ್ಟು ಬರಿಯ ಗಾಜು. ಔಷಧಿ ಅಂಗಡಿಯಲ್ಲಿ ಹತ್ತು ಜನರ ನಡುವೆ ತಮ್ಮ ಗುಪ್ತಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕಾದ ದಿನ ಅವರು ಕಚೇರಿಗೆ ಬಂದು ಯಾರೊಂದಿಗೂ ಮಾತನಾಡಲಿಲ್ಲ. ಗಾಜಿನ ಯಂತ್ರವನ್ನು ಮೆಚ್ಚಿ ಕೊಂಡವರು ಅದರ ತೆಳುವಾದ ಅಂದವನ್ನು ಇಂಥದೇ ಸಮ್ಮೇಳನದ ಮಳಿಗೆಯಲ್ಲಿ ನೋಡಿದ್ದರು. ಅಂದು ವೇದಿಕೆಯ ಮೇಲೆ ಕಣ್ಣಿಲ್ಲದವರೊಬ್ಬರು ಹತ್ತು ನಿಮಿಷ ಮಾತನಾಡಿದ್ದರೆ, ಖರೀದಿಯ ಷರತ್ತುಗಳಲ್ಲಿ ಒಂದು ಸಾಲು ಹೆಚ್ಚಾಗುತ್ತಿತ್ತು. ಆ ಒಂದು ಸಾಲು ಬರೆಯದೆ ಹೋದವರಲ್ಲಿ ನಾವೂ ಇದ್ದೇವೆ. ಆದ್ದರಿಂದ ಇದು ಪರರ ಮೇಲಿನ ದೂರು ಮಾತ್ರವಲ್ಲ.

ಹೊರನಾಡಿನಲ್ಲಿರುವ ಕನ್ನಡಿಗರು ಇದನ್ನು ಗಮನಿಸಲು ಇನ್ನೊಂದು ಕಾರಣವಿದೆ. ಕಿಸೆಯಲ್ಲಿ ನೋಟಿದ್ದರೆ ತೆಗೆದು ಹಿಂಬದಿಯನ್ನು ನೋಡಿ. ಭಾಷಾಪಟ್ಟಿಯ 15 ಭಾಷೆಗಳಲ್ಲಿ ಕನ್ನಡವೂ ಇದೆ. ದೆಹಲಿಯ ಸಂತೆಯಲ್ಲಾಗಲಿ, ಮಾಟುಂಗದ ಹೂವಿನಂಗಡಿಯಲ್ಲಾಗಲಿ ಆ ನೋಟು ತನ್ನ ಬೆಲೆಯನ್ನು ಕನ್ನಡದಲ್ಲಿಯೂ ಹೇಳುತ್ತದೆ. ಕಾಗದವನ್ನು ಬಿಟ್ಟು ಹಣ ಗಾಳಿಯಲ್ಲಿ ಸಂಚರಿಸಲು ಹೊರಟಾಗ ಆ ಸೌಜನ್ಯ ಉಳಿಯಲಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು, ನಿಜ. ಆದರೆ ಅಂಗಡಿಯ ಯಂತ್ರದ ಪರದೆ, ಅದರ ರಸೀದಿ, ಬ್ಯಾಂಕಿನ ಎಚ್ಚರಿಕೆಯ ಸಂದೇಶ ನಾವು ನೋಡಿದ ಮಟ್ಟಿಗೆ ಇಂಗ್ಲಿಷಿನಲ್ಲೇ ಇರುತ್ತವೆ. ಊರಿನಿಂದ ಬಂದು ಮಗನ ಮನೆಯಲ್ಲಿರುವ ತಾಯಿ, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಹುಡುಗ, ಇವರಿಗೆ ವಂಚನೆಯ ಸಂದೇಶಕ್ಕೂ ಬ್ಯಾಂಕಿನ ಸಂದೇಶಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಎತ್ತಬಲ್ಲ ತಜ್ಞರು ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಕುಳಿತಿದ್ದಾರೆ. ಹಗಲು ಲೋಟ ತೊಳೆದು, ಸಂಜೆ ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಗಲ್ಲಾದವರೆಗೆ ಬಂದವರು ಅವರಲ್ಲಿದ್ದಾರೆ. ನೂರು ಬಗೆಯ ಗಿರಾಕಿಗಳು ಹಣ ಕೊಡುವಾಗ ಎಲ್ಲಿ ತಡವರಿಸುತ್ತಾರೆಂದು ಅವರಷ್ಟು ನೋಡಿದವರು ಇಲ್ಲ.

ಭಾಷೆಯ ತೊಡಕನ್ನು ಮುಂದಿಡುವವರಿಗೆ ಸಂಸತ್ತನ್ನು ತೋರಿಸಬೇಕು. ಅಲ್ಲಿ ಸದಸ್ಯರೊಬ್ಬರು ಕನ್ನಡದಲ್ಲಿ ಮಾತನಾಡಿದರೆ ಅನುವಾದಕರು ಅದನ್ನು ಒಡನೆಯೇ ಉಳಿದವರ ಕಿವಿಗೆ ಮುಟ್ಟಿಸುತ್ತಾರೆ. ಶಾಸನ ರಚಿಸುವ ಸಭೆಗೆ ಸಾಧ್ಯವಾದದ್ದು ಯಂತ್ರ ಮಾರುವ ಸಭೆಗೆ ಅಸಾಧ್ಯವೇ? ಖರ್ಚಿನ ಮಾತೂ ನಿಲ್ಲದು. ವಿದೇಶದಿಂದ ಬರುವ ಒಬ್ಬ ಭಾಷಣಕಾರರ ವಿಮಾನದ ದರದಲ್ಲಿ ಇದೇ ನಗರದ ಹಲವು ನಿರ್ವಾಹಕರಿಗೆ, ವ್ಯಾಪಾರಿಗಳಿಗೆ ಒಂದು ದಿನದ ಕೂಲಿಯನ್ನೂ ಗೌರವಧನವನ್ನೂ ಕೊಡಬಹುದು. ಇನ್ನು ಅವರಿಗೆ ಮಂಡನೆ ಬಾರದು ಎನ್ನುವ ಆಕ್ಷೇಪ. ಮಂಡನೆ ಬರುವವರ ಮಂಡನೆಗಳನ್ನು ಎರಡು ದಿನ ಕೇಳಿ ಬಂದವರು ನಾವು. ಬಣ್ಣದ ಚಿತ್ರಗಳು ನೆನಪಿನಲ್ಲಿವೆ, ಒಂದು ಸಂಗತಿಯೂ ಉಳಿದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ನಮ್ಮ ಕನ್ನಡ ಸಂಘಗಳ ವಿಚಾರಗೋಷ್ಠಿಗಳಿಗೆ ನಾವು ಕರೆಯುವುದು ಯಾರನ್ನು? ಊರಿನಿಂದ ಬರುವ ಅದೇ ನಾಲ್ಕಾರು ಹೆಸರುಗಳು, ಅದೇ ಶಾಲು, ಅದೇ ಹಣ್ಣಿನ ಬುಟ್ಟಿ. ಹೊರನಾಡ ಕನ್ನಡಿಗರ ಬದುಕಿನ ಬಗ್ಗೆ ಗೋಷ್ಠಿ ನಡೆಯುವಾಗ ಆ ಬದುಕನ್ನು ಬದುಕಿದ ಗಲ್ಲಾದವರು ಕೊನೆಯ ಸಾಲಿನಲ್ಲಿ ಕುಳಿತು, ಬಳಿಕ ಊಟದ ಖರ್ಚು ವಹಿಸಿಕೊಂಡದ್ದಕ್ಕೆ ವಂದನಾರ್ಪಣೆಯಲ್ಲಿ ಒಂದು ಸಾಲು ಪಡೆಯುತ್ತಾರೆ. ತಾರಾಹೋಟೆಲಿನ ಸಂಘಟಕರಿಗೂ ನಮಗೂ ಈ ವಿಷಯದಲ್ಲಿ ದೊಡ್ಡ ಭೇದವೇನೂ ಇಲ್ಲ.

ಆ ಪತ್ರಕ್ಕೆ ನಾವು ಉತ್ತರ ಬರೆದಿದ್ದೇವೆ. ಪ್ರತಿಯೊಂದು ಗೋಷ್ಠಿಯಲ್ಲೂ ಯಂತ್ರವನ್ನು ದಿನವೂ ಬಳಸುವವರೊಬ್ಬರು ಉಪನ್ಯಾಸಕರಾಗಿರಲಿ. ಅವರಿಗೆ ಅನುವಾದಕರನ್ನೂ ಗೌರವಧನವನ್ನೂ ಒದಗಿಸಿ. ಹಣ ಕೊಟ್ಟು ಪಡೆದ ಭಾಷಣವಾದರೆ ಕಾರ್ಯಕ್ರಮ ಪತ್ರಿಕೆಯಲ್ಲಿ ಹಾಗೆಂದು ಅಚ್ಚು ಹಾಕಿ. ಖರೀದಿಗೆ ಸಹಿ ಹಾಕುವ ನಮ್ಮಂಥವರನ್ನು ವೇದಿಕೆಯಿಂದ ಇಳಿಸಿ ಮೊದಲ ಸಾಲಿನಲ್ಲಿ ಕೇಳಲು ಕೂರಿಸಿ ಎಂದು. ಕೆಳಗೆ ಹಿಂದಿನ ಎರಡು ಹೆಸರುಗಳನ್ನೇ ಮತ್ತೆ ಸೂಚಿಸಿ, ಮಾಟುಂಗದ ಹೋಟೆಲೊಂದರ ಗಲ್ಲಾದವರ ಹೆಸರನ್ನು ಮೂರನೆಯದಾಗಿ ಸೇರಿಸಿದ್ದೇವೆ. ಅವರವರ ಅರ್ಹತೆಯ ಕಾಲಮಿನಲ್ಲಿ ಅವರವರ ಕೆಲಸವನ್ನೂ ಅದನ್ನು ಮಾಡಿದ ವರ್ಷಗಳನ್ನೂ ಬರೆದಿದ್ದೇವೆ. ಈ ಸಲವೂ ಅದೇ ವಿನಯದ ಉತ್ತರ ಬಂದರೆ, ನಮ್ಮ ಕಚೇರಿಯಿಂದ ಹೋಗಬೇಕಾದ ಇಬ್ಬರೂ ಹೋಗುವುದಿಲ್ಲವೆಂದು ನಿರ್ಧರಿಸಿದ್ದೇವೆ. ಆ ಎರಡು ದಿನಗಳನ್ನು ಬಸ್ಸಿನಲ್ಲಿ ಕಳೆದರೆ ನಮ್ಮ ಕೆಲಸಕ್ಕೆ ಬೇಕಾದದ್ದನ್ನು ಹೆಚ್ಚು ಕಲಿತೇವು.